ಬೀಗದ ಕೈ ಯಾರ ಹತ್ತಿರ ಇತ್ತು?

ಲಂಡನ್ನಿನ ಟವರ್‌ನಲ್ಲಿ ಕಿರೀಟದ ಮುಂದೆ ನಿಲ್ಲುವ ಹಾಗಿಲ್ಲ. ನೀವು ನಿಂತರೂ ನೆಲ ನಿಲ್ಲುವುದಿಲ್ಲ. ಗಾಜಿನ ಪೆಟ್ಟಿಗೆಗಳ ಎರಡೂ ಬದಿಗೆ, ದೊಡ್ಡ ವಿಮಾನ ನಿಲ್ದಾಣಗಳಲ್ಲಿರುತ್ತದಲ್ಲ, ಅಂಥ ಚಲಿಸುವ ಪಟ್ಟಿ ಹಾಕಿದ್ದಾರೆ. ಹತ್ತಿದರೆ ಅದೇ ಮೆಲ್ಲಗೆ ಎಳೆದುಕೊಂಡು ಹೋಗಿ ಆ ತುದಿಗೆ ಇಳಿಸುತ್ತದೆ. ಪಟ್ಟಾಭಿಷೇಕದ ಸೇಂಟ್ ಎಡ್ವರ್ಡ್ ಕಿರೀಟ ಎರಡು ಕಿಲೋಗೂ ಮೇಲೆ ತೂಗುತ್ತದೆ, ಗಟ್ಟಿ ಬಂಗಾರದ ಕೆಲಸ. ಅದನ್ನು ಸರಿಯಾಗಿ ನೋಡುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಫೋಟೋ ತೆಗೆಯುವಂತಿಲ್ಲ. ಜನ ಮತ್ತೆ ಸುತ್ತುಹಾಕಿ ಬಂದು ಪಟ್ಟಿ ಹತ್ತುತ್ತಾರೆ.

"ಚಿಕ್ಕಪ್ಪ, ಕೊಹಿನೂರ್ ನೋಡಿದ್ರಾ?" ಎಂದಳು ಅಣ್ಣನ ಮಗಳು. ಅವಳು ಲಂಡನ್ನಿನಲ್ಲೇ ಕೆಲಸದಲ್ಲಿದ್ದಾಳೆ. ರಜೆ ಹಾಕಿ ನನ್ನನ್ನು ಊರು ತೋರಿಸಲು ಕರೆತಂದಿದ್ದಳು.

"ನೋಡಿದೆ ಕಣಮ್ಮ. ನೀನು ಆ ಬಾಗಿಲು ನೋಡಿದ್ಯಾ?"

ಒಳಗೆ ಬರುವ ಹಾದಿಯಲ್ಲಿ ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಇರುವಂಥ ಉಕ್ಕಿನ ಭಾರೀ ಬಾಗಿಲುಗಳಿವೆ. ಹಗಲೆಲ್ಲ ತೆರೆದೇ ಇರುವುದರಿಂದ ಜನ ಅವನ್ನು ಗೋಡೆಯೆಂದೇ ತಿಳಿದು ದಾಟುತ್ತಾರೆ. ನನಗೆ ಮಾತ್ರ ಅಲ್ಲೇ ಕಾಲು ನಿಂತಿತು. ಸರ್ವಿಸ್ಸೆಲ್ಲ ಮಂಡ್ಯ ಜಿಲ್ಲೆಯ ಖಜಾನೆಗಳಲ್ಲಿ ಕಳೆದವನು ನಾನು. ಒಡವೆ ನೋಡಿದರೆ ಬೆಲೆ ತಿಳಿಯುವುದಿಲ್ಲ, ಬಾಗಿಲು ನೋಡಿದರೆ ಬೀಗ ಎಷ್ಟು, ಕೀ ಯಾರ ಹತ್ತಿರ, ರಾತ್ರಿ ಗಾರ್ಡಿಗೆ ಯಾರಿದ್ದಾರೆ ಎಂಬುದೇ ಮೊದಲು ತಲೆಗೆ ಬರುತ್ತದೆ.

ಖಜಾನೆ ಕಂಡಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ಅಲ್ಲಿಯ ಸ್ಟ್ರಾಂಗ್ ರೂಮಿಗೆ ಡಬಲ್ ಲಾಕ್. ಎರಡು ಬೀಗ, ಎರಡು ಕೀ, ಇಬ್ಬರು ಬೇರೆ ಬೇರೆ ನೌಕರರ ಬಳಿ. ಇಬ್ಬರೂ ಎದುರಿಗಿದ್ದರೇ ಬಾಗಿಲು ತೆರೆಯುವುದು. ಡೂಪ್ಲಿಕೇಟ್ ಕೀಗಳಿಗೆ ಸೀಲು ಹಾಕಿ ಬೇರೆ ಕಡೆ ಇಡಿಸುತ್ತಾರೆ. ಒಳಗೆ ಛಾಪಾ ಕಾಗದ ಇರಬಹುದು, ಪರೀಕ್ಷೆಯ ಪ್ರಶ್ನೆಪತ್ರಿಕೆ ಇರಬಹುದು. ನಮ್ಮ ಮಂಡ್ಯದಲ್ಲಾದರೆ ಇನ್ನೊಂದು ವಸ್ತುವೂ ಇದೆ: ಮೇಲುಕೋಟೆ ಚೆಲುವನಾರಾಯಣನ ವೈರಮುಡಿ. ವರ್ಷವಿಡೀ ಅದು ಜಿಲ್ಲಾ ಖಜಾನೆಯಲ್ಲಿ ಇರುತ್ತದೆ, ಜೊತೆಗೆ ರಾಜ ಒಡೆಯರು ಕೊಟ್ಟ ರಾಜಮುಡಿ. ಉತ್ಸವದ ದಿನ ಬೆಳಿಗ್ಗೆ ಅಧಿಕಾರಿಗಳು, ದೇವಸ್ಥಾನದವರು, ಪೊಲೀಸರು ಎಲ್ಲ ಸೇರಿ ಪೂಜೆ ಮಾಡಿ ಪೆಟ್ಟಿಗೆಯನ್ನು ವಾಹನಕ್ಕೇರಿಸುತ್ತಾರೆ. ಹಾದಿಯುದ್ದಕ್ಕೂ ಹಳ್ಳಿಯವರು ತೋರಣ ಕಟ್ಟಿ ವಾಹನ ನಿಲ್ಲಿಸಿ ಆರತಿ ಎತ್ತುತ್ತಾರೆ. ವೈರಮುಡಿಯನ್ನು ಬರಿಗಣ್ಣಿಂದ ನೋಡಬಾರದು, ದೇವರ ತಲೆಯ ಮೇಲೆ ಕೂತಾಗಲೇ ನೋಡಬೇಕು ಎಂಬ ನಂಬಿಕೆ. ಹೀಗಾಗಿ ಅಷ್ಟು ಜನ ಕಾಯುವುದು ಪೆಟ್ಟಿಗೆಯನ್ನು, ಯಾರೂ ನೋಡದ ಕಿರೀಟವನ್ನು. ಅದನ್ನು ಕಂಡು ಬೆಳೆದ ನನಗೆ ಲಂಡನ್ನಿನ ಆ ಚಲಿಸುವ ಪಟ್ಟಿ ವಿಚಿತ್ರ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕೊಹಿನೂರಿನ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ. 1849ರಲ್ಲಿ ಲಾಹೋರಿನಲ್ಲಿ ಹತ್ತು ವರ್ಷದ ಹುಡುಗ ದುಲೀಪ್ ಸಿಂಗನಿಂದ ಒಪ್ಪಂದ ಪತ್ರಕ್ಕೆ ಸಹಿ ಹಾಕಿಸಿಕೊಂಡು ತಂದ ವಜ್ರ ಅದು. ಸಹಿ ಇದೆ, ಪತ್ರ ಇದೆ, ಕಡತ ಸರಿಯಾಗಿದೆ. ಆಡಿಟ್‌ನವರು ಒಪ್ಪಬಹುದು.

ನನ್ನ ಮನಸ್ಸು ಅದಕ್ಕಿಂತ ಶ್ರೀರಂಗಪಟ್ಟಣದ ಕಡೆಗೇ ಹೆಚ್ಚು ಎಳೆಯಿತು. 1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಆ ರಾತ್ರಿ ಊರು ಕೊಳ್ಳೆ ಹೋಯಿತು. ಮರುದಿನಗಳಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಬಂದು ನಾಲ್ವರನ್ನು ಗಲ್ಲಿಗೇರಿಸಿ, ಕೆಲವರಿಗೆ ಚಾಟಿ ಏಟು ಕೊಡಿಸಿ ಸುಲಿಗೆ ನಿಲ್ಲಿಸಿದ. ಆಮೇಲೆ ಪ್ರೈಜ್ ಕಮಿಟಿ ಎಂದು ಒಂದನ್ನು ಕೂರಿಸಿ, ಅರಮನೆಯಲ್ಲಿದ್ದದ್ದನ್ನೆಲ್ಲ ಲೆಕ್ಕ ಹಾಕಿ ಹಂಚಿಕೊಂಡರು. ಟಿಪ್ಪುವಿನ ಚಿನ್ನದ ಹೊದಿಕೆಯ ಸಿಂಹಾಸನವನ್ನು ಹಂಚಲು ಅನುಕೂಲವಾಗಲೆಂದು ಒಡೆದರು. ಸೇನಾಧಿಪತಿ ಹ್ಯಾರಿಸ್‌ನ ಪಾಲಿಗೆ 1,40,000 ಪೌಂಡ್‌ಗೂ ಮೇಲೆ ಬಂತು, ಕಂಪನಿಯ ನಮ್ಮ ಸಿಪಾಯಿಗೆ 5 ಪೌಂಡ್. ರಾತ್ರಿ ಕದ್ದವನಿಗೆ ನೇಣು, ಬೆಳಿಗ್ಗೆ ಪಟ್ಟಿ ಮಾಡಿ ತೆಗೆದುಕೊಂಡವನಿಗೆ ಬಡ್ತಿ. ಆ ಸಿಂಹಾಸನದ ದೊಡ್ಡ ಹುಲಿ ತಲೆ, ರತ್ನಖಚಿತ ಹುಮಾ ಪಕ್ಷಿ ಎರಡೂ ಈಗ ರಾಜಮನೆತನದ ಸಂಗ್ರಹದಲ್ಲಿವೆ. ಸಿಂಹಾಸನದ ಸುತ್ತ ಇದ್ದ ಚಿಕ್ಕ ಹುಲಿ ತಲೆಗಳಲ್ಲಿ ಒಂದಕ್ಕೆ 2021ರಲ್ಲಿ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ಅದು ದೇಶ ಬಿಟ್ಟು ಹೊರಗೆ ಹೋಗದಂತೆ ಬ್ರಿಟನ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ನಾಡಿನ ಸ್ವತ್ತು ನಾಡಿನಲ್ಲೇ ಉಳಿಯಲಿ ಎಂದು! ಇದನ್ನು ಹೇಳಿದಾಗ ಅಣ್ಣನ ಮಗಳು ಜೋರಾಗಿಯೇ ನಕ್ಕಳು. ಕೆಂಪಂಚಿನ ಕೋಟು ತೊಟ್ಟ ಕಾವಲಿನವರೊಬ್ಬರು ತಿರುಗಿ ನೋಡಿದರು.

ನಾನು ಟವರ್‌ಗೆ ಹೋದದ್ದು ನಿಜ ಹೇಳಬೇಕೆಂದರೆ ಬೇರೆಯದಕ್ಕೆ, ಒಂದು ಹಳೆಯ ಕಳವು ನಡೆದ ಜಾಗ ನೋಡುವುದಕ್ಕೆ. ಕೋಟೆಯ ಈಶಾನ್ಯ ಮೂಲೆಯಲ್ಲಿ ಮಾರ್ಟಿನ್ ಟವರ್ ಎಂಬ ಬುರುಜು ಇದೆ. ನಮ್ಮಲ್ಲಾದರೆ ದೇವಮೂಲೆ ಎಂದು ಒಡವೆ ಇಡಲು ಅದನ್ನೇ ಆರಿಸುತ್ತಿದ್ದರೇನೋ. 1671ರಲ್ಲಿ ಇಂಗ್ಲೆಂಡಿನ ಕಿರೀಟ ಇದ್ದದ್ದು ಅಲ್ಲೇ, ಕೆಳಗಿನ ಕೋಣೆಯ ಗೋಡೆಗೂಡಿನಲ್ಲಿ, ಒಂದು ಜಾಲರಿ ಬಾಗಿಲಿನ ಹಿಂದೆ. ಮೇಲಿನ ಕೋಣೆಗಳಲ್ಲಿ ಅದನ್ನು ಕಾಯುವವನ ಸಂಸಾರ.

ಆ ಕಿರೀಟವೂ ಆಗ ಹೊಸದೇ. ಹಳೆಯವನ್ನು 1649ರಲ್ಲಿ, ರಾಜನ ತಲೆ ತೆಗೆದ ವರ್ಷವೇ, ಪಾರ್ಲಿಮೆಂಟಿನವರು ಒಡೆಸಿ, ಇದೇ ಕೋಟೆಯೊಳಗಿದ್ದ ಟಂಕಸಾಲೆಯಲ್ಲಿ ಕರಗಿಸಿ ನಾಣ್ಯ ಹೊಡೆಸಿದ್ದರು. ಅಭಿಷೇಕದ ತೈಲ ಬಡಿಸುವ ಹಳೆಯ ಚಮಚವೊಂದು ಉಳಿದುಕೊಂಡಿತು. ಅರಮನೆಯ ಉಗ್ರಾಣದ ನೌಕರನೊಬ್ಬ 16 ಷಿಲ್ಲಿಂಗ್ ಕೊಟ್ಟು ಕೊಂಡು ಇಟ್ಟುಕೊಂಡಿದ್ದ. ರಾಜಾಳ್ವಿಕೆ ಮರಳಿ ಬಂದಾಗ ಒಪ್ಪಿಸಿದ. ಇವತ್ತು ಆ ಗಾಜಿನ ಪೆಟ್ಟಿಗೆಗಳಲ್ಲಿರುವ ವಸ್ತುಗಳಲ್ಲಿ ವಯಸ್ಸಾದದ್ದು ಆ ಚಮಚವೇ, ಹನ್ನೆರಡನೇ ಶತಮಾನದ್ದು. ಜನ ಅದರ ಮುಂದೆ ಒಂದು ಕ್ಷಣವೂ ನಿಲ್ಲುವುದಿಲ್ಲ.

ಎರಡನೇ ಚಾರ್ಲ್ಸ್‌ಗೆ ಹೊಸ ಕಿರೀಟ, ರಾಜದಂಡ, ಗೋಳ ಎಲ್ಲವನ್ನೂ 1661ಕ್ಕೆ ಮಾಡಿಸಿದರು. 12,000 ಪೌಂಡಿಗೂ ಮಿಕ್ಕಿ ಖರ್ಚಾಯಿತು. ಅಷ್ಟು ಖರ್ಚು ಮಾಡಿ ಮಾಡಿಸಿದ ಒಡವೆ ಕಾಯುವುದಕ್ಕೆ ಇಟ್ಟದ್ದು ಟಾಲ್ಬಟ್ ಎಡ್ವರ್ಡ್ಸ್ ಎಂಬ ಮುದುಕನನ್ನು. ಕಳವಿನ ಹೊತ್ತಿಗೆ ಅವನಿಗೆ 77 ವರ್ಷ. ಅವನಿಗೆ ಸಂಬಳವಿರಲಿಲ್ಲ. ಸಂಬಳ ಕೊಡುವ ಬದಲು, ನೋಡಲು ಬಂದವರಿಗೆ ಕಿರೀಟ ತೋರಿಸಿ ಅವರಿಂದ ಕಾಸು ತೆಗೆದುಕೊಳ್ಳಲು ಒಪ್ಪಿಗೆ ಕೊಟ್ಟಿದ್ದರು. ಈ ಸಾಲನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿ ಕೂತೆ. ಮುಂದಿನ ಕತೆ ಓದಬೇಕಾಗಿಯೇ ಇರಲಿಲ್ಲ. ಬಂದವರನ್ನು ಒಳಗೆ ಬಿಟ್ಟರೆ ಮಾತ್ರ ಹೊಟ್ಟೆ ತುಂಬುವ ಮನುಷ್ಯನನ್ನು ಬಾಗಿಲು ಕಾಯಲು ಕೂರಿಸಿದ್ದಾರೆ!

ಥಾಮಸ್ ಬ್ಲಡ್ ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದ. ಐರ್ಲೆಂಡಿನವನು, ಕರ್ನಲ್ ಎಂದು ತಾನೇ ಕರೆದುಕೊಳ್ಳುತ್ತಿದ್ದವನು. ಹಿಂದಿನ ವರ್ಷವಷ್ಟೇ ಲಂಡನ್ನಿನ ನಡುಬೀದಿಯಲ್ಲಿ ಆರ್ಮಂಡ್‌ನ ಡ್ಯೂಕನನ್ನು ಗಾಡಿಯಿಂದ ಎಳೆದು ಹೊತ್ತೊಯ್ಯಲು ನೋಡಿ ತಪ್ಪಿಸಿಕೊಂಡಿದ್ದ. ಈ ಸಲ ಪಾದ್ರಿಯ ನಿಲುವಂಗಿ ತೊಟ್ಟು, ಹೆಂಡತಿಯೆಂದು ಒಬ್ಬಳನ್ನು ಜೊತೆಗೆ ಕರೆದುಕೊಂಡು ಕಿರೀಟ ನೋಡಲು ಬಂದ. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ಕಿರೀಟ ನೋಡುತ್ತಿದ್ದ ಹಾಗೆ ಆ ಹೆಂಗಸಿಗೆ ಹೊಟ್ಟೆನೋವು ಬಂತು. ಎಡ್ವರ್ಡ್ಸನ ಹೆಂಡತಿ ಅವಳನ್ನು ಮೇಲಕ್ಕೆ ಕರೆದೊಯ್ದು ಮಲಗಿಸಿ ಉಪಚರಿಸಿದಳು. ಕೆಲವು ದಿನದ ಮೇಲೆ ಪಾದ್ರಿ ಕೃತಜ್ಞತೆ ಹೇಳಲು ನಾಲ್ಕು ಜೊತೆ ಬಿಳಿ ಕೈಗವಸು ಹಿಡಿದು ಬಂದ. ಹೀಗೆ ಬಂದು ಹೋಗುವುದು ಬಳಕೆಯಾಯಿತು. ಊಟಕ್ಕೂ ಕೂತ. ಎಡ್ವರ್ಡ್ಸನಿಗೆ ಮದುವೆಗೆ ಬಂದ ಮಗಳಿದ್ದಳು. ಪಾದ್ರಿಗೆ ವರ್ಷಕ್ಕೆ 200 ಪೌಂಡ್ ಹುಟ್ಟುವಳಿಯ ಜಮೀನಿನ ಅಣ್ಣನ ಮಗ ಇದ್ದನಂತೆ. ಸಂಬಂಧದ ಮಾತು ಎತ್ತಿದ. ಹೋಗುವಾಗ ಗೋಡೆಯ ಮೇಲಿದ್ದ ಜೋಡಿ ಪಿಸ್ತೂಲು ಕಣ್ಣಿಗೆ ಬಿದ್ದು, ಚೆನ್ನಾಗಿವೆ ಎಂದು ಹೊಗಳಿ ಬೆಲೆ ಕೊಟ್ಟು ಕೊಂಡೇಬಿಟ್ಟ.

ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಆ ಪಿಸ್ತೂಲಿನ ವ್ಯಾಪಾರ. ಕಾವಲುಗಾರನ ಆಯುಧವನ್ನು ಅವನ ಮನೆಯಲ್ಲೇ ಕೂತು, ಅವನ ಊಟ ಉಂಡು, ಹಣ ಕೊಟ್ಟು ಕೊಂಡುಕೊಂಡ ಕಳ್ಳ ಇನ್ನೊಬ್ಬನಿರಲಾರ. ಎಡ್ವರ್ಡ್ಸನಿಗೆ ಮಾತ್ರ ಆ ಕಾಸು ಬೇಕಾಗಿತ್ತು.

ಮೇ 9ರ ಬೆಳಿಗ್ಗೆ ಏಳು ಗಂಟೆ ಸುಮಾರಿಗೆ ವರನ ಕಡೆಯವರು ಬಂದರು. ಹೆಂಗಸರು ಕೆಳಗೆ ಬರುವ ತನಕ ಕಿರೀಟ ತೋರಿಸಿ ಎಂದ ಪಾದ್ರಿ. ಎಡ್ವರ್ಡ್ಸ್ ಬಾಗಿಲು ತೆಗೆದು ಒಳಗೆ ಹೋದದ್ದೇ ತಡ, ತಲೆಯ ಮೇಲೆ ಮರದ ಸುತ್ತಿಗೆಯ ಏಟು, ಬಾಯಿಗೆ ಮರದ ಬಿರಡೆ. ಮುದುಕ ಸುಮ್ಮನಿರಲಿಲ್ಲ. ಆದಷ್ಟು ಗದ್ದಲ ಮಾಡಿದ. ಮತ್ತೆ ಹೊಡೆದು, ಹೊಟ್ಟೆಗೆ ಕತ್ತಿ ಚುಚ್ಚಿದರು. ಸತ್ತ ಎಂದುಕೊಂಡು ಅವರ ಕೆಲಸ ಅವರು ನೋಡಿಕೊಂಡರು. ಕಿರೀಟ ನಿಲುವಂಗಿಯೊಳಗೆ ಹಿಡಿಸಲಿಲ್ಲವೆಂದು ಬ್ಲಡ್ ಅದನ್ನು ಅದೇ ಸುತ್ತಿಗೆಯಿಂದ ಚಪ್ಪಟೆ ಮಾಡಿದ. ಒಬ್ಬ ಚಿನ್ನದ ಗೋಳವನ್ನು ಚಡ್ಡಿಯೊಳಗೆ ಇಳಿಬಿಟ್ಟುಕೊಂಡ. ಇನ್ನೊಬ್ಬ ಉದ್ದನೆಯ ರಾಜದಂಡವನ್ನು ಅರದಿಂದ ಉಜ್ಜಿ ಎರಡು ತುಂಡು ಮಾಡತೊಡಗಿದ.

ಅಷ್ಟರಲ್ಲಿ ಎಡ್ವರ್ಡ್ಸನ ಮಗ ಬಂದ. ಎಷ್ಟೋ ವರ್ಷದಿಂದ ಫ್ಲಾಂಡರ್ಸ್‌ನಲ್ಲಿ ಸೈನ್ಯದಲ್ಲಿದ್ದವನು ಅದೇ ದಿನ, ಅದೇ ಗಳಿಗೆಗೆ ಮನೆ ಬಾಗಿಲಲ್ಲಿ ನಿಂತಿದ್ದ. ಸಿನಿಮಾದಲ್ಲಿ ಹೀಗೆ ಮಾಡಿದರೆ ನಾವು ನಂಬುವುದಿಲ್ಲ. ದಂಡವನ್ನು ಅಲ್ಲೇ ಬಿಟ್ಟು ಮೂವರೂ ಓಡಿದರು. ಮುದುಕ ಬಾಯಿಯ ಬಿರಡೆ ಕಿತ್ತು ಕೊಲೆ, ಕಿರೀಟ ಹೋಯಿತು ಎಂದು ಕೂಗಿದ. ಕುದುರೆಗಳು ನಿಂತಿದ್ದ ಐರನ್ ಗೇಟಿನ ಹತ್ತಿರ ಬ್ಲಡ್ ಸಿಕ್ಕಿಬಿದ್ದ. ಹಿಡಿಯುವ ಗಲಾಟೆಯಲ್ಲಿ ಕಿರೀಟದ ಹರಳುಗಳು ನೆಲದ ಪಾಲಾದವು.

ಇಲ್ಲಿ ಒಂದು ಸಂಗತಿ ಇದೆ, ಹೆಚ್ಚಿನ ಪುಸ್ತಕಗಳು ಅರ್ಧ ಸಾಲಿನಲ್ಲಿ ದಾಟಿಬಿಡುತ್ತವೆ. ಉದುರಿದ್ದರಲ್ಲಿ ಒಂದು ದೊಡ್ಡ ಮುತ್ತಿತ್ತು. ಅದು ಸಿಕ್ಕಿದ್ದು ಕ್ಯಾಥರಿನ್ ಮ್ಯಾಡಾಕ್ಸ್ ಎಂಬ ಬಡವಿಗೆ. ಟವರ್‌ನ ಕಾವಲಿನವನೊಬ್ಬನ ಮನೆಯ ಕಸ ಗುಡಿಸುತ್ತಿದ್ದವಳು. ಒಂದು ಒಳ್ಳೆಯ ವಜ್ರ ಕ್ಷೌರಿಕನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನಿಗೆ ಸಿಕ್ಕಿತು. ಇಬ್ಬರೂ ತಂದು ಒಪ್ಪಿಸಿದರು.

ಈಗ ಯಾರಿಗೆ ಏನು ಸಿಕ್ಕಿತು ನೋಡಿ. ಬ್ಲಡ್ ತಾನು ರಾಜನ ಎದುರಿಗಲ್ಲದೆ ಬಾಯಿ ಬಿಡುವುದಿಲ್ಲ ಎಂದು ಹಟ ಹಿಡಿದ. ಎರಡನೇ ಚಾರ್ಲ್ಸ್ ಕರೆಸಿ ಮಾತಾಡಿದ, ಕ್ಷಮಿಸಿದ, ಐರ್ಲೆಂಡಿನಲ್ಲಿ ವರ್ಷಕ್ಕೆ 500 ಪೌಂಡ್ ಹುಟ್ಟುವ ಜಮೀನನ್ನೂ ಕೊಟ್ಟ. ಯಾಕೆ ಎಂಬುದಕ್ಕೆ ಇತಿಹಾಸಕಾರರು ಬಗೆಬಗೆಯ ಕಾರಣ ಹೇಳುತ್ತಾರೆ. ರಾಜನಿಗೆ ಅವನ ಧೈರ್ಯ ಮೆಚ್ಚುಗೆಯಾಯಿತು, ಗೂಢಚಾರನಾಗಿ ಬಳಸಿಕೊಂಡ, ಇತ್ಯಾದಿ. ಎಡ್ವರ್ಡ್ಸನಿಗೆ 200 ಪೌಂಡ್, ಮಗನಿಗೆ 100 ಪೌಂಡ್ ಬಹುಮಾನ ಮಂಜೂರಾಯಿತು. ಮಂಜೂರಾಯಿತು, ಅಷ್ಟೆ. ಹಣ ಕೈಗೆ ಬರಲಿಲ್ಲ. ಗಾಯಕ್ಕೆ ಔಷಧಿಯ ಖರ್ಚು ಮೈಮೇಲೆ ಬಂದಿತ್ತು. ತಂದೆಮಕ್ಕಳು ತಮ್ಮ ಆದೇಶಪತ್ರಗಳನ್ನು ಅರ್ಧ ಬೆಲೆಗೆ, 100 ಮತ್ತು 50 ಪೌಂಡ್ ನಗದಿಗೆ, ಬೇರೆಯವರಿಗೆ ಮಾರಿಕೊಂಡರು. ಖಜಾನೆಯ ಕಿಟಕಿಯ ಒಳಬದಿಯಲ್ಲಿ ಕೂತು ಅಲೆದಾಡಿಸಿಕೊಂಡ ಮುದುಕರ ಮುಖ ನೋಡಿದವನಿಗೆ ಈ ಭಾಗ ಮಾತ್ರ ಮುನ್ನೂರೈವತ್ತು ವರ್ಷ ಹಳೆಯದೆನಿಸುವುದಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ ಆಮೇಲೆ ಟವರ್‌ನಲ್ಲಿ ಕಾವಲು ಬಿಗಿಯಾಯಿತು. ಬ್ಲಡ್ 1680ರಲ್ಲಿ ಸತ್ತಾಗ ಜನ ನಂಬಲಿಲ್ಲ. ಇದೂ ಏನೋ ಆಟವಿರಬೇಕೆಂದು ಹೂತ ಹೆಣವನ್ನು ತೆಗೆಸಿ ನೋಡಿದರು. ಅವನೇ ಆಗಿದ್ದ.

ಲಂಡನ್ನಿನಿಂದ ಡಬ್ಲಿನ್‌ಗೆ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ಅಣ್ಣನ ಮಗಳಿಗೆ ಸಮುದ್ರ ನೋಡುವ ಆಸೆ, ನನಗೆ ಡಬ್ಲಿನ್ ಕೋಟೆಯ ಮೇಲಿನ ಅಂಗಳದಲ್ಲಿರುವ, ಇನ್ನೊಂದು ಕಳವು ನಡೆದ ಬೆಡ್‌ಫರ್ಡ್ ಟವರ್ ನೋಡುವ ಆಸೆ. ಕೋಟೆ ಎಂದರೆ ಚಿತ್ರದುರ್ಗವನ್ನು ನೆನೆಸಿಕೊಂಡು ಹೋಗಬೇಡಿ. ಇಟ್ಟಿಗೆ ಕಟ್ಟಡಗಳ ನಡುವೆ ಒಂದು ಚೌಕಾಕಾರದ ಅಂಗಳ, ಸರ್ಕಾರಿ ಕಚೇರಿಯ ಆವರಣದಂತೆಯೇ ಇದೆ, ಆಗ ಇದ್ದದ್ದೂ ಅದೇ. ಒಂದು ಬದಿಗೆ ಹಸಿರುಗಟ್ಟಿದ ತಾಮ್ರದ ಗುಮ್ಮಟದ ಬೆಡ್‌ಫರ್ಡ್ ಟವರ್. ಅದರ ಎರಡೂ ಪಕ್ಕ ಕಮಾನು ಬಾಗಿಲು. ಒಂದರ ಮೇಲೆ ನ್ಯಾಯದೇವತೆ ನಿಂತಿದ್ದಾಳೆ, ಮುಖ ಅಂಗಳದ ಕಡೆಗೆ, ಬೆನ್ನು ಊರಿನ ಕಡೆಗೆ. ಬ್ರಿಟಿಷರ ನ್ಯಾಯ ನಮಗೆ ಬೆನ್ನು ಹಾಕಿ ನಿಂತಿದೆ ಎಂದು ಡಬ್ಲಿನ್ನಿನವರು ತಮಾಷೆ ಮಾಡಿಕೊಳ್ಳುತ್ತಿದ್ದರಂತೆ. ಮಳೆ ಬಂದರೆ ಅವಳ ತಕ್ಕಡಿಯ ಒಂದು ತಟ್ಟೆಯಲ್ಲಿ ನೀರು ತುಂಬಿ ಒಂದೇ ಕಡೆಗೆ ವಾಲುತ್ತಿತ್ತು. ಕೊನೆಗೆ ತಟ್ಟೆಗಳಿಗೆ ತೂತು ಕೊರೆದು ನೀರು ಸೋರುವಂತೆ ಮಾಡಿದರು. ಕತ್ತೆತ್ತಿ ನೋಡಿದೆವು. ಅವತ್ತೂ ಜಿನುಗು ಮಳೆ ಇತ್ತು, ತಕ್ಕಡಿ ಸಮವಾಗಿಯೇ ಇತ್ತು.

ಆ ಕಟ್ಟಡದಲ್ಲಿ 1907ರಲ್ಲಿ ಸರ್ ಆರ್ಥರ್ ವಿಕಾರ್ಸ್ ಎಂಬುವರ ಕಚೇರಿ. ವಂಶಾವಳಿ, ಲಾಂಛನ, ದರ್ಬಾರಿನ ಶಿಷ್ಟಾಚಾರ ನೋಡಿಕೊಳ್ಳುವ ಹುದ್ದೆ. ಸೇಂಟ್ ಪ್ಯಾಟ್ರಿಕ್ ಬಿರುದುಗಾರರ ಸಂಘಕ್ಕೆ ನಾಲ್ಕನೇ ವಿಲಿಯಂ ರಾಜ 1831ರಲ್ಲಿ ಕೊಟ್ಟ ಒಡವೆಗಳು ಅವರ ಸುಪರ್ದಿಯಲ್ಲಿದ್ದವು. ವಜ್ರದ ಒಂದು ನಕ್ಷತ್ರ, ವಜ್ರದ ಒಂದು ಪದಕ, ನಡುವೆ ಮಾಣಿಕ್ಯದ ಶಿಲುಬೆ, ಪಚ್ಚೆಯ ಮೂರೆಲೆ. ಕಿರೀಟ ಯಾವುದೂ ಇರಲಿಲ್ಲ, ಆದರೂ ಜನ ಅವನ್ನು ಐರ್ಲೆಂಡಿನ ರಾಜಾಭರಣ ಎಂದೇ ಕರೆಯುತ್ತಿದ್ದರು. ನಕ್ಷತ್ರ, ಪದಕ ಎರಡರ ಬೆಲೆಯೇ ಸುಮಾರು 30,000 ಪೌಂಡ್.

1905ರ ಹೊಸ ನಿಯಮದ ಪ್ರಕಾರ ಒಡವೆಗಳನ್ನು ಸ್ಟ್ರಾಂಗ್ ರೂಮಿನೊಳಗೆ ಉಕ್ಕಿನ ಪೆಟ್ಟಿಗೆಯಲ್ಲಿ ಇಡಬೇಕಿತ್ತು. ಸ್ಟ್ರಾಂಗ್ ರೂಮು ಕಟ್ಟಿಸಿದ್ದರು. ಉಕ್ಕಿನ ಪೆಟ್ಟಿಗೆಯೂ ಇತ್ತು. ಪೆಟ್ಟಿಗೆ ಮಾತ್ರ ಸ್ಟ್ರಾಂಗ್ ರೂಮಿನ ಬಾಗಿಲಲ್ಲಿ ಹೋಗಲಿಲ್ಲ! ಹಿಡಿಸದ ಪೆಟ್ಟಿಗೆಯನ್ನು ಏನು ಮಾಡುವುದು? ಗ್ರಂಥಾಲಯದ ಕೋಣೆಯಲ್ಲಿ ಇಟ್ಟರು. ಬಂದವರೆಲ್ಲ ಕೂರುವ ಕೋಣೆ ಅದು. ಚಿಕ್ಕ ಪೆಟ್ಟಿಗೆ ತರಿಸೋಣ ಎಂದು ಕಾಗದ ಬರೆಯುವುದರಲ್ಲೇ ದಿನ ಕಳೆಯಿತು. ಅಂಗಳದಲ್ಲಿ ನಿಂತು ಇದನ್ನು ಹೇಳುತ್ತಿದ್ದಾಗ ನನಗೇ ನಗು ತಡೆಯಲಾಗಲಿಲ್ಲ. ಯಾವ ದೇಶವಾದರೇನು, ಟೆಂಡರು ಒಂದು ಕಡೆ, ಅಳತೆ ಇನ್ನೊಂದು ಕಡೆ.

ಕಚೇರಿಯ ಹೊರಬಾಗಿಲಿಗೆ ಏಳು ಕೀ, ಏಳು ಜನರ ಬಳಿ. ಒಡವೆಯ ಪೆಟ್ಟಿಗೆಗೆ ಎರಡು ಕೀ, ಎರಡೂ ವಿಕಾರ್ಸ್ ಸಾಹೇಬರದ್ದೇ. ಒಂದು ಜೇಬಿನಲ್ಲಿ, ಇನ್ನೊಂದು ಮನೆಯಲ್ಲಿ ಬಚ್ಚಿಟ್ಟದ್ದು. ಎರಡು ಕೀ ಮಾಡಿಸುವುದು ಇಬ್ಬರಿಗೆ ಕೊಡುವುದಕ್ಕೆ. ಒಬ್ಬರೇ ಇಟ್ಟುಕೊಂಡರೆ ಕಳ್ಳನಿಗೆ ಕದಿಯಲು ಎರಡು ಅವಕಾಶ ಕೊಟ್ಟ ಹಾಗೆ, ಅಷ್ಟೇ. ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೂ ಇದು ಗೊತ್ತು.

ಜುಲೈ 3, ಬುಧವಾರ. ಬೆಳಿಗ್ಗೆ ಕಸ ಗುಡಿಸಲು ಬಂದ ಮಿಸೆಸ್ ಫ್ಯಾರೆಲ್‌ಗೆ ಕಚೇರಿಯ ಹೊರಬಾಗಿಲು ಬೀಗವಿಲ್ಲದೆ ಇದ್ದದ್ದು ಕಂಡಿತು. ಆಕೆ ಜವಾನ ಸ್ಟಿವಿಗೆ ಹೇಳಿದಳು. ಸ್ಟಿವಿ ವಿಕಾರ್ಸ್‌ಗೆ ಹೇಳಿದ. ವಿಕಾರ್ಸ್ ಹೌದಾ ಎಂದು ಕೇಳಿ ಸುಮ್ಮನಾದರು. ಜುಲೈ 6, ಶನಿವಾರ. ಅದೇ ಹೆಂಗಸಿಗೆ ಈ ಸಲ ಸ್ಟ್ರಾಂಗ್ ರೂಮಿನ ಬಾಗಿಲೇ ತೆರೆದಿದ್ದದ್ದು ಕಂಡಿತು. ಅದನ್ನು ಮುಚ್ಚಿ, ಸ್ಟಿವಿ ಬಂದ ಕೂಡಲೇ ಹೇಳಿದಳು. ಸ್ಟಿವಿ ಮತ್ತೆ ಸಾಹೇಬರಿಗೆ ಹೇಳಿದ. ಈ ಸಲವೂ ಅದೇ. ಪೊಲೀಸ್ ಮುಖ್ಯ ಕಚೇರಿ ಕೂಗಳತೆಯ ದೂರದಲ್ಲಿ, ಅದೇ ಅಂಗಳದಲ್ಲಿ ಹಗಲೂ ರಾತ್ರಿ ಸಿಪಾಯಿ ಪಹರೆ. ಯಾರನ್ನೂ ಕರೆಯಲಿಲ್ಲ. ಮಧ್ಯಾಹ್ನ ಅಂಗಡಿಯಿಂದ ಒಂದು ಕಂಠಾಭರಣ ಬಂತು, ಅದನ್ನು ಪೆಟ್ಟಿಗೆಯಲ್ಲಿ ಇಡು ಎಂದು ವಿಕಾರ್ಸ್ ತಮ್ಮ ಕೀಯನ್ನೇ ಸ್ಟಿವಿಯ ಕೈಗೆ ಕೊಟ್ಟರು. ಎಂದೂ ಹಾಗೆ ಕೊಟ್ಟವರಲ್ಲ. ಸ್ಟಿವಿ ಹೋಗಿ ನೋಡಿದರೆ ಪೆಟ್ಟಿಗೆಗೆ ಬೀಗವೇ ಬಿದ್ದಿಲ್ಲ. ಒಳಗೆ ನಕ್ಷತ್ರವೂ ಇಲ್ಲ, ಪದಕವೂ ಇಲ್ಲ, ಅಲ್ಲಿಟ್ಟಿದ್ದ ಸಂಘದ ಬಿರುದುಗಾರರ ಐದು ಕಂಠಾಭರಣಗಳೂ ಇಲ್ಲ. ವಿಕಾರ್ಸ್ ಅಲ್ಲಿ ಇಟ್ಟಿದ್ದ ಅವರ ತಾಯಿಯ ಒಡವೆಗಳೂ ಇಲ್ಲ.

ಬೀಗ ಮುರಿದಿರಲಿಲ್ಲ, ಸರಿಯಾದ ಕೀಯಿಂದಲೇ ತೆಗೆದದ್ದು. ಪದಕಕ್ಕೆ ಕಟ್ಟಿದ್ದ ರೇಷ್ಮೆ ಪಟ್ಟಿಯನ್ನು ಕಳ್ಳ ಸಾವಧಾನವಾಗಿ ಬಿಚ್ಚಿ ಅಲ್ಲೇ ಇಟ್ಟು ಹೋಗಿದ್ದ. ಗಡಿಬಿಡಿ ಇಲ್ಲದ ಕೆಲಸ. ನಾಲ್ಕು ದಿನಕ್ಕೆ ಏಳನೇ ಎಡ್ವರ್ಡ್ ರಾಜ ಡಬ್ಲಿನ್‌ಗೆ ಬಂದಿಳಿದ. ಒಬ್ಬರಿಗೆ ಸಂಘದ ಬಿರುದು ಕೊಡುವ ಸಮಾರಂಭವಿತ್ತು, ರಾಜ ಕೋಪದಿಂದ ರದ್ದು ಮಾಡಿದ. 1,000 ಪೌಂಡ್ ಬಹುಮಾನ ಸಾರಿದರು. ಸ್ಕಾಟ್ಲೆಂಡ್ ಯಾರ್ಡ್‌ನಿಂದ ಬಂದ ಇನ್‌ಸ್ಪೆಕ್ಟರ್ ಕೇನ್ ಕೊಟ್ಟ ವರದಿ ಬೆಳಕಿಗೆ ಬರಲೇ ಇಲ್ಲ. ವಿಚಾರಣಾ ಆಯೋಗ ವಿಕಾರ್ಸ್ ತಕ್ಕಷ್ಟು ಎಚ್ಚರಿಕೆ ವಹಿಸಲಿಲ್ಲ ಎಂದು ಹೇಳಿತು, ಅವರ ಹುದ್ದೆ ಹೋಯಿತು. ಅವರ ಸಹಾಯಕರಲ್ಲಿ ಒಬ್ಬನಾಗಿದ್ದ ಫ್ರಾನ್ಸಿಸ್ ಶ್ಯಾಕಲ್ಟನ್ ಮೇಲೆ ಅನುಮಾನ ಬಿತ್ತು. ದಕ್ಷಿಣ ಧ್ರುವದ ಯಾತ್ರಿಕ ಅರ್ನೆಸ್ಟ್ ಶ್ಯಾಕಲ್ಟನ್ನನ ತಮ್ಮ ಅವನು, ಮುಂದೆ ಬೇರೊಂದು ಮೋಸದ ಪ್ರಕರಣದಲ್ಲಿ ಜೈಲಿಗೆ ಹೋದ. ಒಡವೆಯ ವಿಷಯದಲ್ಲಿ ಅವನ ಮೇಲೆ ಏನೂ ಸಾಬೀತಾಗಲಿಲ್ಲ. ವಿಕಾರ್ಸ್‌ರನ್ನು 1921ರಲ್ಲಿ, ಸ್ವಾತಂತ್ರ್ಯ ಹೋರಾಟದ ಗಲಭೆಯಲ್ಲಿ, ಕೆರ್ರಿ ಪ್ರಾಂತ್ಯದ ಅವರ ಮನೆಯಂಗಳದಲ್ಲೇ ಗುಂಡಿಟ್ಟು ಕೊಂದು ಮನೆಗೆ ಬೆಂಕಿ ಇಟ್ಟರು. ಅವರು ತಮ್ಮ ಉಯಿಲಿನಲ್ಲೂ ತಾನು ನಿರಪರಾಧಿ, ಕದ್ದವನು ಶ್ಯಾಕಲ್ಟನ್ ಎಂದೇ ಬರೆದಿದ್ದರು.

ಯಾರು ಕದ್ದರು ಎಂಬುದರ ಮೇಲೆ ಪುಸ್ತಕಗಳು ಬಂದಿವೆ. ನನಗೆ ಅದಕ್ಕಿಂತ ಆ ಮೂರು ದಿನಗಳೇ ಮುಖ್ಯ. ಬುಧವಾರದಿಂದ ಶನಿವಾರದ ತನಕ ಆ ಕಟ್ಟಡದಲ್ಲಿ ಬಾಗಿಲಿನ ಕಡೆ ಗಮನವಿದ್ದದ್ದು ಒಬ್ಬಳಿಗೆ. ಬಿರುದಿಲ್ಲ, ಕೀ ಜವಾಬ್ದಾರಿ ಇಲ್ಲ, ಪೊರಕೆ ಹಿಡಿದು ಬಂದವಳು. ಎರಡು ಸಲ ಹೇಳಿದಳು. ನನ್ನ ಸರ್ವಿಸ್‌ನಲ್ಲಿ ಒಂದು ಕಚೇರಿಯಲ್ಲಿ ಹೀಗೇ ಕಿಟಕಿಯ ಕೊಂಡಿ ಸಡಿಲವಾಗಿದೆ ಎಂದು ಮೊದಲು ಹೇಳಿದ್ದು ಕಸ ಗುಡಿಸುವ ಆಯಮ್ಮನೇ. ಅಲ್ಲಿ ಮೇಲಿನವರು ಅದನ್ನು ಕೇಳಿಸಿಕೊಂಡರು, ಅದೇ ದಿನ ಬಡಗಿಯನ್ನು ಕರೆಸಿದರು. ಆದ್ದರಿಂದ ಅಲ್ಲಿ ಕತೆಯಾಗುವಂಥದ್ದು ಏನೂ ನಡೆಯಲಿಲ್ಲ.

ಪ್ಯಾರಿಸ್ಸಿಗೆ ನಾನು ಹೋಗಲಿಲ್ಲ. ಪ್ಯಾರಿಸ್ಸೇ ಮನೆಗೆ ಬಂತು. ಊರಿಗೆ ಮರಳಿ ತಿಂಗಳುಗಳು ಕಳೆದಿದ್ದವು. 2025ರ ಅಕ್ಟೋಬರ್ 19, ಭಾನುವಾರ, ನಮ್ಮಲ್ಲಿ ದೀಪಾವಳಿಯ ನೀರು ತುಂಬುವ ಹಬ್ಬ. ಹಂಡೆ ತೊಳೆದು ಸುಣ್ಣದ ಪಟ್ಟೆ ಬಳಿಯುತ್ತಿದ್ದಾಗ ಫೋನು ಬಂತು. "ಚಿಕ್ಕಪ್ಪ, ಟಿವಿ ಹಾಕಿ. ಲೂವ್ರ್‌ನಲ್ಲಿ ಒಡವೆ ಹೋಯ್ತು!" ಅವತ್ತು ಬೆಳಿಗ್ಗೆ ಮ್ಯೂಸಿಯಂ ತೆರೆದ ಮೇಲೆ, ಹಾಡಹಗಲಲ್ಲಿ, ಮನೆ ಸಾಮಾನು ಮೇಲೇರಿಸುವ ಏಣಿ ಲಾರಿಯನ್ನು ಗೋಡೆಗೆ ಆನಿಸಿ, ಬಾಲ್ಕನಿಗೆ ಹತ್ತಿ, ಕಿಟಕಿ ಕೊಯ್ದು ಒಳಗೆ ನುಗ್ಗಿದ್ದರು. ಎಂಟು ನಿಮಿಷವೂ ಹಿಡಿಯಲಿಲ್ಲ. ಫ್ರಾನ್ಸಿನ ರಾಣಿಯರ ಎಂಟು ಒಡವೆ, 8.8 ಕೋಟಿ ಯೂರೋ ಬೆಲೆಯವು, ಹೋದವು. ಯೂಜಿನಿ ರಾಣಿಯ ಕಿರೀಟ ಓಡುವಾಗ ಬಿದ್ದು ಜಖಂ ಆಗಿ ರಸ್ತೆಯಲ್ಲಿ ಸಿಕ್ಕಿತು. ಆ ಬದಿಯಲ್ಲಿದ್ದ ಹೊರಗಿನ ಕ್ಯಾಮೆರಾ ಬೇರೆ ದಿಕ್ಕಿಗೆ ತಿರುಗಿತ್ತು, ಆ ಬಾಲ್ಕನಿ ಅದಕ್ಕೆ ಕಾಣುತ್ತಿರಲಿಲ್ಲ ಎಂದು ಮ್ಯೂಸಿಯಂನ ಮುಖ್ಯಸ್ಥೆಯೇ ಅಲ್ಲಿಯ ಸಂಸತ್ತಿನ ಮುಂದೆ ಹೇಳಿದರು. ಜೂನ್ ತಿಂಗಳಲ್ಲೇ ಅಲ್ಲಿಯ ನೌಕರರು ಜನ ಜಾಸ್ತಿ, ಸಿಬ್ಬಂದಿ ಕಡಿಮೆ ಎಂದು ಕೆಲಸ ನಿಲ್ಲಿಸಿ ಬಾಗಿಲು ತೆರೆಯದೆ ಕೂತಿದ್ದರು. ಆಗ ಬಂದ ಸುದ್ದಿಗಳಲ್ಲಿ ಹೆಚ್ಚಿನವು ಹೊರಗೆ ಬಿಸಿಲಲ್ಲಿ ನಿಂತ ಪ್ರವಾಸಿಗರ ತೊಂದರೆಯ ಬಗ್ಗೆ.

ಅದೇ ಊರಿನಲ್ಲಿ 1792ರ ಸೆಪ್ಟೆಂಬರಿನಲ್ಲೂ ಇದೇ ರೀತಿ ಆಗಿತ್ತು. ಕ್ರಾಂತಿಯ ಗಲಾಟೆ. ಒಡವೆಗಳಿದ್ದ ರಾಜನ ಉಗ್ರಾಣದ ಹಳೆಯ ಅಧಿಕಾರಿಯನ್ನು ಆ ತಿಂಗಳ ಮೊದಲಲ್ಲೇ ಜೈಲಿನ ಹತ್ಯಾಕಾಂಡದಲ್ಲಿ ಕೊಂದಿದ್ದರು. ಹೊಸದಾಗಿ ಬಂದ ಅಧಿಕಾರಿ ಕಾವಲಿಗೆ ಜನ ಕೊಡಿ ಎಂದು ಕೇಳುತ್ತಲೇ ಇದ್ದ. ಕಳ್ಳರು ಬಾಲ್ಕನಿಗೆ ಹತ್ತಿ ಕಿಟಕಿಯಿಂದ ಇಳಿದು, ಒಂದು ರಾತ್ರಿಯಲ್ಲ, ಹಲವು ರಾತ್ರಿ ಬಂದು ಹೊತ್ತೊಯ್ದರು. ಬಾಗಿಲಿನ ಅರಗಿನ ಮುದ್ರೆಗಳು ಕೊನೆಯ ತನಕ ಒಡೆಯದೆ ಇದ್ದವು. ಹೋದವುಗಳಲ್ಲಿ ರೀಜೆಂಟ್ ಎಂಬ 140 ಕ್ಯಾರಟ್ಟಿನ ವಜ್ರವೂ ಒಂದು. ಅದು ಹುಟ್ಟಿದ್ದು ಕೊಲ್ಲೂರಿನ ಗಣಿಯಲ್ಲಿ, ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಆಂಧ್ರಕ್ಕೆ ಹೋಗುವ ಕೃಷ್ಣೆಯ ದಡದಲ್ಲಿ. ಮರುವರ್ಷ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿ ಈಗ ಲೂವ್ರ್‌ನ ಸಂಗ್ರಹದಲ್ಲಿದೆ. ಇತ್ತೀಚಿನ ಕಳ್ಳರು ಅದಿದ್ದ ಗ್ಯಾಲರಿಗೇ ನುಗ್ಗಿದರೂ ಅದನ್ನು ಮುಟ್ಟಲಿಲ್ಲ.

ನಾನು ಇದನ್ನು ಬರೆಯುವ ಹೊತ್ತಿಗೆ ಲೂವ್ರ್‌ನ ಎಂಟು ಒಡವೆಗಳಲ್ಲಿ ಒಂದೂ ಸಿಕ್ಕಿಲ್ಲ. ಡಬ್ಲಿನ್ನಿನ ನಕ್ಷತ್ರ, ಪದಕ, ಐದು ಕಂಠಾಭರಣ ನೂರು ವರ್ಷ ದಾಟಿದರೂ ಪತ್ತೆಯಿಲ್ಲ. ಈ ಮೂರರಲ್ಲಿ ಸಿಕ್ಕಿದ್ದು ಲಂಡನ್ನಿನದು ಮಾತ್ರ, ಅದೂ ಸಂಬಳವಿಲ್ಲದ ಮುದುಕ ಗಾಯ ತಿಂದೂ ಕೂಗಿದ್ದರಿಂದ.

ಟವರ್‌ಗೆ ಹೋಗುವವರಲ್ಲಿ ಒಂದು ಕೇಳಿಕೆ. ಕಿರೀಟ ನೋಡಿ ಹೊರಬಂದ ಮೇಲೆ ಅಲ್ಲೇ ಹತ್ತಿರದ ಸೇಂಟ್ ಪೀಟರ್ ಚರ್ಚಿಗೂ ಹೋಗಿ. ಶಿರಚ್ಛೇದವಾದ ರಾಣಿಯರ ಸಮಾಧಿ ನೋಡಲು ಎಲ್ಲರೂ ಹೋಗುತ್ತಾರೆ. 1674ರಲ್ಲಿ ತೀರಿಕೊಂಡ ಟಾಲ್ಬಟ್ ಎಡ್ವರ್ಡ್ಸನನ್ನು ಮಣ್ಣು ಮಾಡಿದ್ದೂ ಅಲ್ಲೇ. ಅವನ ಹೆಸರಿನ ಕಲ್ಲು ಎಲ್ಲಿದೆ ಎಂದು ಕಾವಲಿನವರನ್ನು ಕೇಳಿ. ಚರ್ಚಿಗೆ ಬೇರೆ ಟಿಕೆಟ್ ಇಲ್ಲ, ಟವರ್‌ನ ಟಿಕೆಟ್ಟಿನಲ್ಲೇ ಸೇರಿದೆ.